ತಂತಿಯ ಆ ತುದಿಯಲ್ಲಿ

"ಮನೇಲಿ ಜನ ಇದ್ದಾರೆ, ದೀಪ ಉರೀತಿದೆ, ಬಾಗಿಲು ಮಾತ್ರ ತೆಗೀತಿಲ್ಲ ಅತ್ತಿಗೆ," ಎಂದ ಮೈದುನ, ಲ್ಯಾಪ್‌ಟಾಪಿನ ಪರದೆಯಿಂದ ಕಣ್ಣು ಕೀಳದೆ.

"ಒಗಟು ಬೇಡ. ನೆಟ್ಟಗೆ ಹೇಳು."

"ದೊಡ್ಡಾಸ್ಪತ್ರೆಯ ಸರ್ವರನ್ನ 'ಇದೀಯಾ?' ಅಂತ ಕೂಗಿದ್ರೆ 'ಇದೀನಿ' ಅಂತಿದೆ. 'ಹಾಗಾದ್ರೆ ರೋಗಿಗಳ ದಾಖಲೆ ತೋರ್ಸು' ಅಂದ್ರೆ ಮುಖಕ್ಕೆ ಹೊಡೆದ ಹಾಗೆ 'ಆಗಲ್ಲ' ಅಂತಿದೆ. ಬೆಳಗ್ಗೆಯಿಂದ ಇದೇ ಪಾಡು."

ಉಡದಮ್ಮ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು. ಪೊಲೀಸ್ ಇಲಾಖೆಯಲ್ಲಿದ್ದಾಗ, ಹಿಡಿದದ್ದನ್ನು ಬಿಡದ ಗುಣಕ್ಕೆ ಸಹೋದ್ಯೋಗಿಗಳು ಅವಳಿಗೆ 'ಉಡ' ಎಂದು ಹೆಸರಿಟ್ಟಿದ್ದರು. ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೆ ಅದಕ್ಕೊಂದು 'ಅಮ್ಮ' ಅಂಟಿಕೊಂಡಿತು. ಹಿಡಿತವೇನೋ ಈಗಲೂ ಇತ್ತು. ಆದರೆ ಹಿಡಿಯುವುದಕ್ಕೆ ಗೋಡೆಯಾದರೂ ಬೇಕಲ್ಲ? ಈ ಪ್ರಕರಣದಲ್ಲಿ ಕೈಗೆ ಸಿಕ್ಕಿದ್ದೆಲ್ಲ ಗಾಳಿ.

ಆದದ್ದು ಇಷ್ಟು. ಈ ಸಣ್ಣ ಶಾಖಾ ಆಸ್ಪತ್ರೆಯಲ್ಲಿ ಒಬ್ಬ ಟೈಲರಿಗೆ ಅವನ ಮೈಗೆ ಆಗದ ಇಂಜೆಕ್ಷನ್ ಕೊಟ್ಟರು. ಅವನು ಈಗ ದೊಡ್ಡಾಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಾನೆ, ಕೊಟ್ಟ ಡಾಕ್ಟರಮ್ಮ ಅಮಾನತಾಗಿದ್ದಾಳೆ. ಉಡದಮ್ಮನನ್ನು ಕರೆಸಿದ್ದು ಅವಳೇ.

ಆ ಡಾಕ್ಟರಮ್ಮ ಅದೇ ಕೋಣೆಯಲ್ಲಿ ರೋಗಿಗಳ ಸ್ಟೂಲಿನ ಮೇಲೆ ಕೂತಿದ್ದಳು. ತನ್ನ ಕುರ್ಚಿಯಲ್ಲಿ ಕೂರುವ ಹಕ್ಕು ಅವಳಿಗೆ ಈಗ ಇರಲಿಲ್ಲ. ತೂಕದ ಯಂತ್ರ, ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ, ಸರಿಯಾಗಿ ನಿಲ್ಲದೆ ತೊಟ್ಟಿಕ್ಕುವ ನಲ್ಲಿ, ಎಲ್ಲವನ್ನೂ ಬೇರೆಯವರ ಮನೆಯ ಸಾಮಾನಿನಂತೆ ಸಂಕೋಚದಿಂದ ನೋಡುತ್ತಿದ್ದಳು.

"ಇನ್ನೂ ಒಂದು ಸೋಜಿಗ ನೋಡಿ," ಮೈದುನ ಮೇಜಿನ ಮೇಲಿದ್ದ ಆಸ್ಪತ್ರೆಯ ಹಳೇ ಕಂಪ್ಯೂಟರನ್ನು ತೋರಿಸಿದ. "ಈ ಮುದುಕಪ್ಪನಿಗೆ ಮಾತ್ರ ಅದೇ ಸರ್ವರ್ ಸಲೀಸಾಗಿ ಬಾಗಿಲು ತೆಗೀತಿದೆ. ಇಬ್ಬರಿಗೂ ಒಂದೇ ತಂತಿ. ಇಬ್ಬರೂ ಕರೆಯೋದು ಒಂದೇ ಹೆಸರು ಹಿಡಿದು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ."

"ನಿನ್ನದು ಹೊರಗಿನ ಲ್ಯಾಪ್‌ಟಾಪು. ಪರಿಚಯ ಇಲ್ಲದವರನ್ನ ಒಳಗೆ ಬಿಡಬಾರದು ಅಂತ ಕಾವಲು ಇಟ್ಟಿರಬಹುದಲ್ಲ?"

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಕಾವಲಿನವರು ನನ್ನನ್ನ ನೋಡಿ ಬೇಡ ಅಂದ್ರೆ ಒಂದು ಥರ. ಇಲ್ಲಿ ಬಾಗಿಲ ಹತ್ರ ನನ್ನನ್ನ ನೋಡೋಕೇ ಯಾರೂ ಬಂದಿಲ್ಲ ಅನ್ನೋ ಥರ ಇದೆ."

ಉಡದಮ್ಮನಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ್ದನ್ನು ತಿಳಿದಂತೆ ನಟಿಸುವ ಅಭ್ಯಾಸ ಅವಳಿಗಿರಲಿಲ್ಲ. ಮೈದುನನ ಮುಂದೆಯಂತೂ ಇಲ್ಲವೇ ಇಲ್ಲ. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ಇವನು ರೇಡಿಯೋ ಬಿಚ್ಚಿ ಮತ್ತೆ ಜೋಡಿಸಲಾಗದೆ ಅಳುತ್ತಿದ್ದ ಹುಡುಗ. ಈಗ ಊರಿನವರ ಕಂಪ್ಯೂಟರುಗಳನ್ನೆಲ್ಲ ಸರಿಮಾಡಿ ಹೊಟ್ಟೆ ಹೊರೆಯುತ್ತಿದ್ದ.

"ಸರಿ, ಮುದುಕಪ್ಪನಲ್ಲೇ ಟೈಲರ್ ದಾಖಲೆ ತೆಗಿ," ಎಂದಳು.

ತೆಗೆದ. ಟೈಲರನ ಹೆಸರು, ವಯಸ್ಸು, ವಿಳಾಸ. ಕೆಳಗೆ ಕೆಂಪಕ್ಷರದಲ್ಲಿ ಎದ್ದು ಕಾಣುವಂತೆ ಎಚ್ಚರಿಕೆ: ಈ ವರ್ಗದ ಔಷಧ ಕೊಡಕೂಡದು, ಜೀವಕ್ಕೆ ಅಪಾಯ.

ಡಾಕ್ಟರಮ್ಮ ಎದ್ದು ನಿಂತಳು. "ಇಲ್ಲ. ಆ ದಿನ ಇದು ಇರ್ಲಿಲ್ಲ."

"ಗಡಿಬಿಡೀಲಿ ನೋಡಿರ್ಲಿಕ್ಕಿಲ್ಲ," ಎಂದಳು ಉಡದಮ್ಮ, ಬೇಕೆಂತಲೇ.

"ನೋಡಿದ್ದೆ. ಖಾಲಿ ಇತ್ತು."

"ಕೆಂಪಕ್ಷರ ಕಣ್ಣು ತಪ್ಪೋದು ಕಷ್ಟ ಅಲ್ವಾ?"

"ಅದಕ್ಕೇ ಹೇಳ್ತಿರೋದು ಮೇಡಂ. ಖಾಲಿ ಇತ್ತು."

ಅಷ್ಟೇ. ಅಳಲಿಲ್ಲ, ದೇವರ ಮೇಲೆ ಆಣೆ ಹಾಕಲಿಲ್ಲ, ಆ ದಿನ ಮೋಡ ಕವಿದಿತ್ತು ಎಂದು ಕಥೆ ಶುರುಮಾಡಲಿಲ್ಲ. ಸುಳ್ಳು ಹೇಳುವವರು ನೆನಪಿಗೆ ಒಡವೆ ತೊಡಿಸುತ್ತಾರೆ. ಈಕೆಯ ನೆನಪು ಬೋಳಾಗಿತ್ತು. ಆದರೂ ಕಣ್ಣೆದುರಿನ ಕೆಂಪಕ್ಷರ ಸುಳ್ಳಲ್ಲ. ಯಾವುದನ್ನು ನಂಬುವುದು?

"ಅತ್ತಿಗೆ, ಇದನ್ನ ನೋಡಿ ಬೇಗ," ಮೈದುನನ ದನಿ ಬದಲಾಗಿತ್ತು. "ನಿನ್ನೆ ದೊಡ್ಡಾಸ್ಪತ್ರೆಯ ಸರ್ವರ್ ನೋಡಿಕೊಳ್ಳೋ ಸ್ವೆಟರ್ ಸಾಹೇಬರು ನನ್ನೆದುರಿಗೇ ನನಗೊಂದು ಬಳಕೆದಾರನ ಹೆಸರು, ಪಾಸ್‌ವರ್ಡ್ ಮಾಡಿಕೊಟ್ರಲ್ಲ? ಬರೀ ನೋಡೋಕೆ, ಬದಲಾಯಿಸೋಕಲ್ಲ ಅಂತ? ಅದನ್ನ ಈ ಮುದುಕಪ್ಪನಲ್ಲಿ ಹಾಕಿ ನೋಡಿದೆ."

"ಏನಂತು?"

"'ಅಂಥವರು ಯಾರೂ ಇಲ್ಲ' ಅಂತು. ಪಾಸ್‌ವರ್ಡ್ ತಪ್ಪು ಅಂದಿದ್ರೆ ನನ್ನ ಬೆರಳಿನ ತಪ್ಪು ಅಂದ್ಕೋತಿದ್ದೆ. ಹೆಸರೇ ಇಲ್ಲ ಅಂತಿದೆ. ಇಡೀ ಸರ್ವರ್ ಕೋಣೆ ನೋಡೋರು ಕೂತು ಸೇರಿಸಿದ ಹೆಸರು ಒಂದು ರಾತ್ರೀಲಿ ಆವಿಯಾಗುತ್ತಾ?"

ಹೊರಗೆ ಸ್ಕೂಟರು ನಿಂತ ಸದ್ದಾಯಿತು. ನರ್ಸು ಬಾಗಿಲಲ್ಲಿ ಇಣುಕಿ, "ಬದಲಿ ಡಾಕ್ಟರು ಬಂದ್ರು, ಜಾಗ ಬಿಡಿ," ಎಂದಳು. ಪಡಸಾಲೆಯ ಬೆಂಚುಗಳಲ್ಲಿ ಆಗಲೇ ಜನ ಕೆಮ್ಮುತ್ತ ಕೂತಿದ್ದರು.

ಉಡದಮ್ಮ ಡಾಕ್ಟರಮ್ಮನನ್ನು ಪಕ್ಕಕ್ಕೆ ಕರೆದಳು. "ನೀವು ಇಲ್ಲೇ ಇರಿ. ನರ್ಸಮ್ಮ ನಿಮ್ಮ ಕಡೆಯವರು ತಾನೇ? ಚೀಟಿ ಮಾಡೋ ಕಂಪ್ಯೂಟರ್ ಪಕ್ಕ ಕೂತಿರಿ. ನಾನು ಫೋನ್ ಮಾಡಿದ ಕೂಡ್ಲೆ ಎತ್ತಿ."

"ಯಾಕೆ ಮೇಡಂ?"

"ಗೊತ್ತಿಲ್ಲ," ಎಂದಳು ಉಡದಮ್ಮ. ಅದು ನಿಜವೇ ಆಗಿತ್ತು.

*

ದೊಡ್ಡಾಸ್ಪತ್ರೆಯ ನೆಲಮಾಳಿಗೆಗೆ ಇಳಿದರೆ ಮೊದಲು ಮೂಗಿಗೆ ಫಿನಾಯಿಲ್, ಆಮೇಲೆ ಮೈಗೆ ಚಳಿ. ಸರ್ವರುಗಳು ಬಿಸಿಯಾಗದಿರಲೆಂದು ಆ ಕೋಣೆಯನ್ನು ಸದಾ ತಣ್ಣಗಿಡುತ್ತಿದ್ದರು. ಅದಕ್ಕೇ ಅದರ ಉಸ್ತುವಾರಿ ನೋಡುವಾತ ಹೊರಗೆ ಬಿಸಿಲು ಬೆಂಕಿ ಕಾರುತ್ತಿದ್ದರೂ ಬೂದು ಬಣ್ಣದ ಸ್ವೆಟರ್ ತೊಟ್ಟೇ ಇರುತ್ತಿದ್ದ. ಆಸ್ಪತ್ರೆಯ ಜನಕ್ಕೆ ಅವನ ಸ್ವಂತ ಹೆಸರು ಮರೆತೇಹೋಗಿತ್ತು. ಸ್ವೆಟರ್ ಸಾಹೇಬ ಎಂದರೆ ಸಾಕಿತ್ತು.

"ಏನೂ ತೊಂದರೆ ಇಲ್ವಲ್ಲ," ಎಂದ ಸ್ವೆಟರ್ ಸಾಹೇಬ, ಮೈದುನ ಹೇಳಿದ್ದೆಲ್ಲ ಕೇಳಿಸಿಕೊಂಡು. "ನೀವೇ ನೋಡಿ."

ಮೈದುನ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು, ಲ್ಯಾಪ್‌ಟಾಪಿಗೆ ಗೋಡೆಯ ತಂತಿ ಸಿಕ್ಕಿಸಿದ. ತಟ್ಟನೆ ಬಾಗಿಲು ತೆರೆಯಿತು. ನಿನ್ನೆ ಕೊಟ್ಟ ಹೆಸರು ನಡೆಯಿತು, ಪಾಸ್‌ವರ್ಡ್ ನಡೆಯಿತು, ಟೈಲರನ ದಾಖಲೆ ಬಂತು, ಕೆಂಪಕ್ಷರದ ಸಮೇತ.

"ಒಳಗಿಂದ ಸರಾಗ, ಹೊರಗಿಂದ ಇಲ್ಲ," ಎಂದು ಗೊಣಗಿದ. "ಒಳಗೆ ನಾನು ಇದ್ದೀನಿ. ಹೊರಗೆ ನಾನು ಹುಟ್ಟೇ ಇಲ್ಲ."

"ಹೊರಗಿನ ಆಸ್ಪತ್ರೆಗಳಿಂದ ಏನಾದ್ರೂ ದೂರು ಬಂದಿದೆಯಾ?" ಉಡದಮ್ಮ ಸ್ವೆಟರ್ ಸಾಹೇಬನನ್ನು ಕೇಳಿದಳು.

"ಒಂದೂ ಇಲ್ಲ. ಈಚೆಗಂತೂ ತುಂಬಾ ಶಾಂತಿ."

"ಮೊದಲು?"

"ಮೊದಲು ಬಿಡಿ, ಫೋನ್ ಕೆಳಗಿಡೋ ಹಾಗಿರ್ಲಿಲ್ಲ. ಅಲ್ಲಿ ನಿಧಾನ, ಇಲ್ಲಿ ತೆಗೀತಿಲ್ಲ, ಒಂದಲ್ಲ ಒಂದು ತಕರಾರು."

"ಯಾವಾಗಿಂದ ಶಾಂತಿ?"

ಸ್ವೆಟರ್ ಸಾಹೇಬ ತನ್ನ ಸ್ವೆಟರಿನ ತೋಳಿನಿಂದ ಹೊರಬಂದಿದ್ದ ಒಂದು ಎಳೆಯನ್ನು ಬೆರಳಿಗೆ ಸುತ್ತತೊಡಗಿದ.

ಉಡದಮ್ಮ ಗೋಡೆಯತ್ತ ನೋಡಿದಳು. ಕಪಾಟಿನಂಥ ಕಬ್ಬಿಣದ ಚೌಕಟ್ಟಿನಲ್ಲಿ ಯಂತ್ರಗಳು ಒಂದರ ಮೇಲೊಂದು ಕೂತು ಮಿಣಮಿಣ ಮಿನುಗುತ್ತಿದ್ದವು. ಬೆನ್ನಿನಿಂದ ತಂತಿಗಳು ಜಡೆಯಂತೆ ಇಳಿದಿದ್ದವು. ಅವಳಿಗೆ ಅರ್ಥವಾಗುವ ವಸ್ತು ಅಲ್ಲಿ ಒಂದೂ ಇರಲಿಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ಪೊಲೀಸ್ ಕಾಲದ ಪ್ರಶ್ನೆಯಂತೆಯೇ ಇತ್ತು: ಇಬ್ಬರು ಒಂದೇ ಮನುಷ್ಯನನ್ನು ನೋಡಿದೆವು ಎಂದು ಹೇಳಿ, ಒಬ್ಬ ಕಪ್ಪು ಅಂಗಿ, ಇನ್ನೊಬ್ಬ ಬಿಳಿ ಅಂಗಿ ಎಂದರೆ?

ಅವರು ನೋಡಿದ್ದು ಇಬ್ಬರನ್ನು.

"ಇವುಗಳಲ್ಲಿ ಹೊರಗಿನ ಶಾಖೆಗಳಿಗೆ ಹೋಗೋ ತಂತಿ ಯಾವುದು?" ಎಂದಳು.

"ಆ ನೀಲಿ," ಎಂದ ಮೈದುನ.

"ಕೀಳು ಅದನ್ನ."

ಸ್ವೆಟರ್ ಸಾಹೇಬ ಮುಂದೆ ಬಂದು ಚೌಕಟ್ಟಿಗೆ ಅಡ್ಡ ನಿಂತ. "ಏನು ಮಾತಾಡ್ತಿದ್ದೀರಾ ಮೇಡಂ? ಅದನ್ನ ಕಿತ್ರೆ ಎಲ್ಲಾ ಶಾಖೆಗಳೂ ಕುರುಡಾಗ್ತವೆ. ಅಲ್ಲಿ ರೋಗಿಗಳು ಕೂತಿರ್ತಾರೆ. ಆಡಳಿತದೋರು ನನ್ನ ಚರ್ಮ ಸುಲೀತಾರೆ!"

"ಒಂದೇ ನಿಮಿಷ."

"ಅರೆ ನಿಮಿಷಾನೂ ಆಗಲ್ಲ."

"ಮೇಲೆ ಟೈಲರ್ ಮಲಗಿದ್ದಾನಲ್ಲ, ಅವನ ಹೆಂಡ್ತಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹಚ್ತಿದ್ದಾಳೆ. ಗಂಡ ಒಪ್ಪಿಕೊಂಡ ಕೆಲಸವಂತೆ, ಎದ್ದರೆ ಬೈತಾನಂತೆ. ನಡೀರಿ, ಅವಳ ಮುಂದೆ ನಿಂತು ಹೇಳಿ ಅರೆ ನಿಮಿಷಾನೂ ಆಗಲ್ಲ ಅಂತ."

ಸ್ವೆಟರ್ ಸಾಹೇಬನ ಕೈ ಕೆಳಗಿಳಿಯಿತು.

ಉಡದಮ್ಮ ಡಾಕ್ಟರಮ್ಮನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. "ನರ್ಸಮ್ಮ ಏನು ಮಾಡ್ತಿದ್ದಾರೆ?"

"ಒಬ್ಬರ ದಾಖಲೆ ತೆಗೀತಿದ್ದಾರೆ ಮೇಡಂ."

ಉಡದಮ್ಮ ತಲೆಯಾಡಿಸಿದಳು. ಮೈದುನ ನೀಲಿ ತಂತಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಚೌಕಟ್ಟಿನಲ್ಲಿ ಒಂದು ಹಸಿರು ದೀಪ ಆರಿತು.

"ಈಗ?"

"ಈಗ... ದಾಖಲೆ ಬಂತು. ಇನ್ನೊಬ್ಬರು ಬಂದ್ರು, ಹೊಸಬರು. ಹೆಸರು ಬರೀತಿದ್ದಾರೆ."

"ಬರೆದು ಮುಗೀತಾ?"

"ಮುಗೀತು. ಸೇವ್ ಆಯ್ತು. ಯಾಕೆ ಮೇಡಂ, ಏನಾಯ್ತು?"

ಮೈದುನ ಕೈಯಲ್ಲಿದ್ದ ತಂತಿಯ ತುದಿಯನ್ನೂ ಫೋನನ್ನೂ ಮತ್ತೆ ಮತ್ತೆ ನೋಡಿದ.

"ಅತ್ತಿಗೆ, ತಂತಿ ನನ್ನ ಕೈಯಲ್ಲಿದೆ," ಎಂದ. "ಹಾಗಾದ್ರೆ ಆ ಕಂಪ್ಯೂಟರ್ ಮಾತಾಡ್ತಿರೋದು ಯಾರ ಜೊತೆ?"

ಉಡದಮ್ಮ ಅವನನ್ನು ನೋಡುತ್ತಿರಲಿಲ್ಲ. ಸ್ವೆಟರ್ ಸಾಹೇಬನನ್ನು ನೋಡುತ್ತಿದ್ದಳು.

"ಸಾಹೇಬ್ರೇ, ನಿಮಗೆ ಆಶ್ಚರ್ಯ ಆಗ್ಲೇ ಇಲ್ಲ," ಎಂದಳು ಮೆಲ್ಲಗೆ. "ಶಾಖೆಗಳೆಲ್ಲ ಕುರುಡಾಗ್ತವೆ ಅಂದ್ರಿ. ಆಗ್ಲಿಲ್ಲ. ನನ್ನ ಮೈದುನನ ಬಾಯಿ ತೆರೆದುಕೊಂಡೇ ಇದೆ. ನೀವು ರೆಪ್ಪೆ ಕೂಡ ಬಡೀಲಿಲ್ಲ. ಆಗಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು."

"ನಾನೇನೂ ಮಾಡಿಲ್ಲ..."

"ಮಾಡಿದ್ದೀರಿ ಅಂತ ನಾನು ಅಂದೆನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀರಿ?"

ಸ್ವೆಟರ್ ಸಾಹೇಬ ಇದ್ದ ಒಂದೇ ಕುರ್ಚಿಯ ಮೇಲೆ ಕುಸಿದ. ಅಂಥ ಚಳಿಯಲ್ಲೂ ಅವನ ಹಣೆ ಬೆವರಿತ್ತು.

"ಮೇಲಿನ ಆಫೀಸಿಂದ ಅಂತ ಫೋನ್ ಬಂತು," ಎಂದ. "ಶಾಖೆಗಳಿಗೆ ಬೇರೆ ಸರ್ವರ್ ಮಾಡಿದ್ದೀವಿ, ನಿಮ್ಮ ಮೇಲಿನ ಹೊರೆ ಇಳಿಸ್ತಿದ್ದೀವಿ, ಇನ್ಮೇಲೆ ನಿಮ್ಮ ಸರ್ವರ್ ಕಟ್ಟಡದ ಒಳಗಿನವರಿಗೆ ಮಾತ್ರ ಕಿವಿಗೊಡೋ ಹಾಗೆ ಮಾಡಿ ಅಂದ್ರು. ಮಾಡ್ದೆ. ದಾಖಲೆಗಳ ಪೂರ್ತಿ ಪ್ರತಿ ಒಂದು ಡಿಸ್ಕಿಗೆ ಹಾಕಿಡಿ, ಕೊರಿಯರ್‌ನವನು ಬರ್ತಾನೆ ಅಂದ್ರು. ಬಂದ, ತಗೊಂಡು ಹೋದ."

"ಯಾರು ಫೋನ್ ಮಾಡಿದ್ದು?"

"ಗಂಡಸು. ತುಂಬಾ ಮರ್ಯಾದೆಯಿಂದ ಮಾತಾಡಿದ್ರು. ಹುದ್ದೆ ಹೇಳಿದ್ರು, ಹೆಸರು ಹೇಳ್ಲಿಲ್ಲ. ಇಷ್ಟು ವರ್ಷದಲ್ಲಿ ಮೇಲಿನವರು ನನ್ನ ಹೊರೆ ಬಗ್ಗೆ ಕೇಳಿದ್ದು ಅದೇ ಮೊದಲು ಮೇಡಂ. ಖುಷಿ ಆಯ್ತು. ಖುಷೀಲಿ ಏನೂ ಕೇಳ್ಲಿಲ್ಲ."

"ಟೈಲರ್ ವಿಷಯ ಆದ ಮೇಲಾದ್ರೂ ಮೇಲೆ ಹೋಗಿ ವಿಚಾರಿಸಬಹುದಿತ್ತು."

"ಹೋಗಿ ಕೇಳಿದ್ರೆ, ನಾವು ಯಾರೂ ಫೋನೇ ಮಾಡಿಲ್ಲ ಅಂದ್ಬಿಟ್ರೆ?" ಅವನು ಮುಖವನ್ನು ಅಂಗೈಗಳಲ್ಲಿ ಮುಚ್ಚಿಕೊಂಡ. "ಆ ಉತ್ತರ ಕೇಳೋ ಧೈರ್ಯ ನಂಗಿರ್ಲಿಲ್ಲ."

ಉಡದಮ್ಮನ ಗಂಟಲಲ್ಲಿ ಬೈಗುಳವೊಂದು ಬಂದು ನಿಂತಿತು. ಆದರೆ ಬೈಯುವುದಕ್ಕೆ ಇದು ಹೊತ್ತಲ್ಲ. ಇನ್ನೊಂದು ಯೋಚನೆ ಅದನ್ನು ನೂಕಿಕೊಂಡು ಬಂದಿತ್ತು. ಡಾಕ್ಟರಮ್ಮ ನೋಡಿದ ದಾಖಲೆ ಖಾಲಿ ಇದ್ದದ್ದು ನಿಜ. ಅನಾಹುತವಾದ ಮೇಲೆ ಯಾರೋ ಅದಕ್ಕೆ ಕೆಂಪಕ್ಷರ ತುಂಬಿದ್ದಾರೆ. ಟೈಲರನದೊಂದನ್ನೇ ಖಾಲಿ ಮಾಡಿದ್ದರೆ ಸರಿ. ಇಲ್ಲವಾದರೆ?

"ಡಾಕ್ಟರೇ, ಈಗ ಒಳಗೆ ಯಾರಿದ್ದಾರೆ?" ಫೋನಿಗೆ ಬಗ್ಗಿ ಕೇಳಿದಳು.

"ಒಬ್ಬ ಅಜ್ಜಿ. ಮಂಡಿ ನೋವು."

ಮೈದುನ ಅಜ್ಜಿಯ ಹೆಸರು ಕೇಳಿ ಲ್ಯಾಪ್‌ಟಾಪಿನಲ್ಲಿ ತೆಗೆದ. ಇಲ್ಲಿಯ ದಾಖಲೆ, ಅಲ್ಲಿಯ ದಾಖಲೆ, ಎರಡೂ ಒಂದೇ. ಉಡದಮ್ಮ ಉಸಿರು ಬಿಟ್ಟಳು.

"ಆಮೇಲೆ?"

"ಪೋಸ್ಟ್‌ಮ್ಯಾನ್. ಕಾಲಿಗೆ ಮೊಳೆ ಚುಚ್ಚಿ ಕೀವಾಗಿದೆ. ಅವರು ಆಗಲೇ ಇಂಜೆಕ್ಷನ್ ಕೋಣೆಗೆ ಹೋದ್ರು."

"ಅವರ ಹೆಸರು ಹೇಳಿ!"

ಹೇಳಿದಳು. ಮೈದುನನ ಬೆರಳುಗಳು ಓಡಿದವು. ಪರದೆಯ ಮೇಲೆ ಪೋಸ್ಟ್‌ಮ್ಯಾನನ ದಾಖಲೆ ಮೂಡಿತು. ಕೆಳಗೆ ಕೆಂಪಕ್ಷರ.

"ಇಲ್ಲಿ ಎಚ್ಚರಿಕೆ ಇದೆ," ಎಂದ ಮೈದುನ. "ಟೈಲರ್‌ಗೆ ಇದ್ದ ಔಷಧಾನೇ."

"ಇಲ್ಲಿ ಖಾಲಿ ಇದೆ," ಎಂದಿತು ಫೋನಿನ ದನಿ. ಕೂಡಲೇ ಸ್ಟೂಲು ಉರುಳಿ ಬಿದ್ದ ಸದ್ದು, ಓಡುವ ಕಾಲಿನ ಸದ್ದು. ದೂರದಿಂದ ಡಾಕ್ಟರಮ್ಮ ಕಿರುಚಿದ್ದು ಕೇಳಿಸಿತು: "ಸೂಜಿ ಕೆಳಗಿಡಿ! ಕೆಳಗಿಡಿ ಅಂದೆ!"

ಬದಲಿ ಡಾಕ್ಟರು ಸಿಟ್ಟಿನಿಂದ ಏನೋ ಹೇಳುತ್ತಿದ್ದರು. ಬಾಗಿಲು ಬಡಿದುಕೊಂಡಿತು. ಗಾಜಿನ ಏನೋ ನೆಲಕ್ಕೆ ಬಿದ್ದು ಒಡೆಯಿತು. ನೆಲಮಾಳಿಗೆಯಲ್ಲಿ ಮೂವರೂ ಫೋನಿನ ಮೇಲೆ ಬಾಗಿ ನಿಂತಿದ್ದರು. ಎಷ್ಟು ಹೊತ್ತು ಕಳೆಯಿತೋ ಯಾರಿಗೂ ತಿಳಿಯಲಿಲ್ಲ.

ಡಾಕ್ಟರಮ್ಮ ಮತ್ತೆ ಫೋನಿಗೆ ಬಂದಾಗ ಅವಳ ಉಸಿರು ಮಾತಿಗಿಂತ ಮುಂದಿತ್ತು. "ಕೊಟ್ಟಿರ್ಲಿಲ್ಲ. ತೋಳು ಒರೆಸಿದ್ರು ಅಷ್ಟೇ. ಅವರು, ಪೋಸ್ಟ್‌ಮ್ಯಾನ್, ನನ್ನ ಮೇಲೇ ರೇಗ್ತಿದ್ದಾರೆ, ಹೊತ್ತಾಯ್ತು, ಟಪಾಲು ಹಂಚಬೇಕು ಅಂತ." ನಗಲು ಹೋಗಿ ಅವಳು ಅತ್ತುಬಿಟ್ಟಳು. ಬೆಳಗ್ಗೆಯಿಂದ ಅವಳು ಅತ್ತದ್ದು ಅದೇ ಮೊದಲು.

"ಯಾರಿಗೂ ಏನೂ ಚುಚ್ಚಬೇಡಿ. ಕಂಪ್ಯೂಟರ್ ಮಾತು ನಂಬಬೇಡಿ, ರೋಗಿಗಳನ್ನೇ ಬಾಯಿಬಿಟ್ಟು ಕೇಳಿ," ಎಂದಳು ಉಡದಮ್ಮ. ಸ್ವೆಟರ್ ಸಾಹೇಬನ ಕಡೆ ತಿರುಗಿ, "ನೀವು ಮೇಲೆ ಓಡಿ. ಎಲ್ಲಾ ಶಾಖೆಗಳಿಗೂ ಇದನ್ನೇ ಹೇಳೋಕೆ ಹೇಳಿ. ಯಾಕೆ ಅಂತ ಕೇಳಿದ್ರೆ ಇದ್ದದ್ದನ್ನ ಇದ್ದ ಹಾಗೆ ಹೇಳಿ. ಈಗಲಾದ್ರೂ."

ಸ್ವೆಟರ್ ಸಾಹೇಬ ಓಡಿದ.

"ಆ ಇನ್ನೊಂದು ಸರ್ವರ್ ಎಲ್ಲಿದೆ ಅಂತ ಗೊತ್ತಾಗೋ ದಾರಿ ಇದೆಯೇನೋ?" ಎಂದು ಮೈದುನನನ್ನು ಕೇಳಿದಳು.

"ಇದೆ. ನಾನು ಬೆಳಗ್ಗೇನೇ ನೋಡ್ಬೇಕಿತ್ತು, ಮಂಕು ಕವಿದಿತ್ತು," ಮೈದುನ ಹಣೆ ಚಚ್ಚಿಕೊಂಡ. "ಹೆಸರು ಒಂದೇ ಇದ್ರೆ ಆಯ್ತಾ? ಆ ಹೆಸರಿನ ಮನೆ ಎಲ್ಲಿದೆ ಅಂತ ಪ್ರತಿ ಕಂಪ್ಯೂಟರೂ ಯಾರನ್ನೋ ಕೇಳಿ ತಿಳ್ಕೊಳ್ಳುತ್ತೆ. ಆ ಮುದುಕಪ್ಪನಂಥ ಶಾಖೆ ಕಂಪ್ಯೂಟರುಗಳ ಕಿವೀಲಿ ಯಾರೋ ಬೇರೆ ಮನೆ ವಿಳಾಸ ಊದಿದ್ದಾರೆ. ಡಾಕ್ಟರೇ, ನಾನು ಹೇಳೋದನ್ನ ಅಲ್ಲಿ ಟೈಪ್ ಮಾಡಿ."

ಅವನು ಒಂದೊಂದೇ ಅಕ್ಷರ ಹೇಳಿದ. ಅವಳು ಒಂದೊಂದೇ ಒತ್ತಿದಳು. ಎರಡು ಸಲ ತಪ್ಪಾಯಿತು. ಮೂರನೆಯ ಸಲಕ್ಕೆ, "ಬಂತು, ಅಂಕಿಗಳು," ಎಂದಳು.

"ಅದೇ ವಿಳಾಸ. ಓದಿ."

ಅವಳು ಓದುತ್ತ ಹೋದಳು, ಅವನು ಮುಂಗೈಯ ಮೇಲೆ ಪೆನ್ನಿನಿಂದ ಬರೆಯುತ್ತ ಹೋದ. ಅರ್ಧ ಬರೆದವನು ನಿಲ್ಲಿಸಿದ. ಉಳಿದ ಅಂಕಿಗಳನ್ನು ಡಾಕ್ಟರಮ್ಮ ಓದುವ ಮೊದಲೇ ಅವನ ತುಟಿಗಳು ಸದ್ದಿಲ್ಲದೆ ಹೇಳಿ ಮುಗಿಸಿದ್ದವು.

ಉಡದಮ್ಮ ಅದನ್ನು ಕಂಡಳು.

"ಗೊತ್ತಿರೋ ವಿಳಾಸಾನಾ?"

ಅವನು ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ.

"ನಿನ್ನನ್ನೇ ಕೇಳಿದ್ದು."

"ಅತ್ತಿಗೆ..." ಮೈದುನನ ಮುಖದಲ್ಲಿ ರಕ್ತವಿರಲಿಲ್ಲ. "ಇದು ನಮ್ಮ ಮನೆ."

"ಏನಂದೆ?"

"ನಮ್ಮ ಮನೆ ಇಂಟರ್‌ನೆಟ್ಟಿನ ವಿಳಾಸ. ನಾನೇ ತೆಗೆಸಿದ್ದು, ನನ್ನ ಕೆಲಸಕ್ಕೆ ಬೇಕು ಅಂತ. ಬಾಯಿಪಾಠ ಇದೆ."

ಉಡದಮ್ಮನ ತಲೆಯೊಳಗೆ ಏನೋ ಒಂದು ಸುತ್ತು ತಿರುಗಿ ನಿಂತಿತು. ಮನೆಯ ಮಹಡಿಯ ಮೇಲೆ ಒಂದು ಕೋಣೆ. ರಿಪೇರಿಗೆ ಬಂದ, ಯಾರೂ ವಾಪಸ್ ಕೇಳದ ಕಂಪ್ಯೂಟರುಗಳನ್ನು ಮೈದುನ ಗುಡ್ಡೆ ಹಾಕಿದ್ದ ಕೋಣೆ. ಅವಳು ವರ್ಷಗಟ್ಟಲೆ ಬೈದಿದ್ದಳು, ಗುಜರಿ ಅಂಗಡಿ ಮಾಡಿಬಿಟ್ಟೆ ಎಂದು. ಅಲ್ಲಿ ಯಾವುದು ಉರಿಯುತ್ತಿದೆ, ಯಾವುದು ಸತ್ತಿದೆ ಎಂದು ಅವಳು ಒಂದು ದಿನವೂ ನೋಡಿರಲಿಲ್ಲ.

ಅವಳು ಅವನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಬೇಕೆಂದು ಸರಿದದ್ದಲ್ಲ, ಕಾಲು ತಾನೇ ಸರಿಯಿತು. ಅವನು ಅದನ್ನು ಗಮನಿಸಿದ.

"ನಾನಲ್ಲ ಅತ್ತಿಗೆ."

"ಇಂಥ ಕೆಲಸ ಮಾಡೋಕೆ ಬರೋರು ಆ ಮನೇಲಿ ಇನ್ಯಾರಿದ್ದಾರೆ?"

"ನಾನೇ ಆಗಿದ್ರೆ ಈಗ ಬಾಯಿಬಿಟ್ಟು ಹೇಳ್ತಿದ್ನಾ? ಯಾವುದೋ ಊರಿನದು ಅಂದಿದ್ರೆ ನಿಮಗೇನು ಗೊತ್ತಾಗ್ತಿತ್ತು?"

ಅದು ಸರಿಯಾದ ಮಾತು. ಜಾಣ ಕಳ್ಳರೂ ಅದೇ ಮಾತು ಹೇಳುತ್ತಾರೆ ಎಂಬುದೂ ಸರಿಯಾದ ಮಾತೇ. ಇವನ ಜ್ವರಕ್ಕೆ ಅವಳು ರಾತ್ರಿಯಿಡೀ ಹಣೆಗೆ ಬಟ್ಟೆ ಹಾಕಿದ್ದಳು. ಇವನ ಪರೀಕ್ಷೆಗೆ ಅವಳು ಎದ್ದು ಕೂತಿದ್ದಳು. ಪೊಲೀಸ್ ಕಣ್ಣು ಒಂದು ಹೇಳುತ್ತಿತ್ತು, ಸಾಕಿದ ಕೈ ಇನ್ನೊಂದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

"ಕೋಣೆಗೆ ಬೀಗ ಹಾಕಿದ್ದೀಯಾ?"

"ಹಾಕೇ ಬಂದೆ. ಬೀಗದ ಕೈ ನನ್ನ ಹತ್ರ ಇದೆ, ನೋಡಿ." ಜೇಬಿನಿಂದ ತೆಗೆದು ತೋರಿಸಿದ.

ಮೇಜಿನ ಮೇಲಿನ ಫೋನಿನಲ್ಲಿ ಡಾಕ್ಟರಮ್ಮನ ಕರೆ ಹಾಗೇ ತೆರೆದಿತ್ತು. ಉಡದಮ್ಮ ಮೈದುನನ ಫೋನನ್ನು ಕಸಿದುಕೊಂಡು ಮನೆಗೆ ಕರೆ ಮಾಡಿದಳು. ಮನೆಯಲ್ಲಿ ಈ ಹೊತ್ತಿಗೆ ಇರುವುದು ಅತ್ತೆಯೊಬ್ಬರೇ. ಕಿವಿ ಸ್ವಲ್ಪ ಮಂದ, ಬಾಯಿ ಚುರುಕು. ಬಹಳ ಹೊತ್ತು ರಿಂಗಾದ ಮೇಲೆ ಎತ್ತಿದರು.

"ಅತ್ತೆ, ನಾನು. ಮಹಡಿ ಮೇಲಿನ ಕೋಣೆಗೆ ಬೀಗ ಇದೆಯಾ, ಸ್ವಲ್ಪ ನೋಡ್ತೀರಾ?"

"ಏನು, ಬೀಗಾನಾ? ಬೀಗ ಯಾಕಿರುತ್ತಮ್ಮ, ಅವನು ಒಳಗಿದ್ದಾನಲ್ಲ."

"ಯಾರು?"

"ಯಾರು ಅಂದ್ರೆ? ನಿನ್ನ ಗಂಡ! ದಿನಾ ಈ ಹೊತ್ತಿಗೆ ಬರ್ತಾನಲ್ಲ, ಇನ್ನೊಂದು ಬೀಗದ ಕೈ ಅವನ ಹತ್ರಾನೂ ಇದೆ. ತಟ್ಟೆ ಕೂಡ ಮೇಲೇ ತಗೊಂಡು ಹೋಗ್ತಾನೆ. ಮೆಟ್ಟಿಲ ಮೇಲೆ ಅನ್ನ ಚೆಲ್ಲಬೇಡ್ವೋ ಅಂದ್ರೆ ಕೇಳಲ್ಲ. ಯಾಕೆ, ನಿಂಗೆ ಗೊತ್ತಿಲ್ವಾ?"

ಉಡದಮ್ಮನಿಗೆ ಗೊತ್ತಿರಲಿಲ್ಲ. ಅವಳ ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಮಧ್ಯಾಹ್ನ ಮಕ್ಕಳನ್ನು ಬಿಟ್ಟು ಗೇಟು ದಾಟುವ ಹಾಗಿಲ್ಲ ಎಂದು ಮದುವೆಯಾದ ಹೊಸದರಲ್ಲಿ ಹೇಳಿದ್ದ. ಅಂದಿನಿಂದ ಅವಳೇ ದಿನಾ ಬೆಳಗ್ಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದಳು. ಮೊಬೈಲಿನಲ್ಲಿ ಅಲಾರಂ ಇಡಬೇಕೆಂದರೂ ತಮ್ಮನನ್ನು ಕೂಗುವ ಮನುಷ್ಯ.

"ಯಾರಂತೆ ಅತ್ತಿಗೆ?" ಮೈದುನ ಪಿಸುಗುಟ್ಟಿದ. "ಮೇಲೆ ಯಾರಿದ್ದಾರಂತೆ?"

ಅವಳು ಅವನತ್ತ ನೋಡಿದಳು.

"ಇರು, ಕೂಗ್ತೀನಿ," ಎಂದರು ಅತ್ತೆ.

"ಬೇಡ ಅತ್ತೆ, ಕೂಗಬೇಡಿ, ನಾನು..."

"ಲೋ! ಕೆಳಗೆ ಬಾರೋ! ನಿನ್ನ ಹೆಂಡ್ತಿ ಫೋನು!"

ಕಿವಿ ಮಂದವಾದವರ ಗಂಟಲು. ಮನೆಯೇನು, ಬೀದಿಯ ಕೊನೆಗೂ ಕೇಳಿಸಿರಬೇಕು.

ಆಮೇಲೆ ಮೇಜಿನ ಮೇಲಿನ ಫೋನಿನಲ್ಲಿ ಡಾಕ್ಟರಮ್ಮನ ದನಿ ಬಂತು, ಗಲಿಬಿಲಿಯಿಂದ: "ಮೇಡಂ? ಇಲ್ಲಿ ಎಲ್ಲಾ ಹೋಯ್ತು. ಈಗ ತಾನೇ. ಸರ್ವರ್ ಸಿಗ್ತಿಲ್ಲ ಅಂತ ಬರ್ತಿದೆ. ನೀವೇನಾದ್ರೂ ಕಿತ್ರಾ?"

ಈಗ ಯಾರೂ ಏನೂ ಕಿತ್ತಿರಲಿಲ್ಲ. ಮೈದುನ ನಿಂತಲ್ಲೇ ನಿಂತಿದ್ದ, ಮುಂಗೈಯ ಮೇಲೆ ಅರ್ಧ ಬರೆದ ಅಂಕಿಗಳು.

ಉಡದಮ್ಮನ ಕಿವಿಯಲ್ಲಿ ಮೆಟ್ಟಿಲಿಳಿಯುವ ಹೆಜ್ಜೆಗಳು ಕೇಳಿಸಿದವು. ಅವಸರವಿಲ್ಲದ ಹೆಜ್ಜೆಗಳು. ಹಿತ್ತಾಳೆಯ ತಟ್ಟೆಯನ್ನು ಎಲ್ಲೋ ಇಟ್ಟ ಸದ್ದು. "ತಗೋ, ಏನೋ ಬೀಗ ಬೀಗ ಅಂತಿದ್ದಾಳೆ," ಎಂದರು ಅತ್ತೆ. ಫೋನು ಕೈ ಬದಲಾಯಿಸಿತು.

"ಹಲೋ," ಎಂದ ಅವಳ ಗಂಡ. ಇಷ್ಟು ವರ್ಷ ಕೇಳಿದ ಅದೇ ತಣ್ಣನೆಯ, ಅಕ್ಕರೆಯ ದನಿ. "ನೀನಾ? ಊಟ ಆಯ್ತಾ?"